ಆಪರೇಷನ್ ಹೆರಿಗೆಗೆ ದಿನ ನಿಗದಿಯಾದರೆ

ಡಾಕ್ಟರ್ ಸಿಸೇರಿಯನ್‌ಗೆ ದಿನ ಕೊಟ್ಟಿದ್ದಾರೆ ಎಂಬ ಸುದ್ದಿ ಮನೆಗೆ ಬಂದ ಕೂಡಲೇ ಎರಡು ಬಗೆಯ ಮಾತು ಕೇಳಿಬರುತ್ತದೆ. ಒಂದು, "ಪಾಪ, ಹೊಟ್ಟೆ ಕೊಯ್ಯುತ್ತಾರಂತೆ." ಇನ್ನೊಂದು, "ಒಳ್ಳೆಯದಾಯಿತು, ನೋವೇ ಇಲ್ಲದೆ ಮುಗಿಯುತ್ತದೆ." ಎರಡೂ ಅರ್ಧ ಸತ್ಯ. ಸಿಸೇರಿಯನ್ ಇಂದು ಬಹುಮಟ್ಟಿಗೆ ಸುರಕ್ಷಿತ. ಆದರೆ ಅದು ಹೊಟ್ಟೆಯ ಹಲವು ಪದರಗಳನ್ನೂ ಗರ್ಭಕೋಶವನ್ನೂ ಸೀಳಿ ಮತ್ತೆ ಹೊಲಿಯುವ ದೊಡ್ಡ ಶಸ್ತ್ರಚಿಕಿತ್ಸೆ. ಥಿಯೇಟರಿನೊಳಗಿನ ಕೆಲಸ ಮುಕ್ಕಾಲು ಗಂಟೆ, ಒಂದು ಗಂಟೆಯಲ್ಲಿ ಮುಗಿಯುತ್ತದೆ. ಉಳಿದದ್ದು ನಡೆಯುವುದು ಮನೆಯಲ್ಲಿ, ಬಾಣಂತನದ ಕೋಣೆಯಲ್ಲಿ. ಹೆರಿಗೆ ವಾರ್ಡಿನಲ್ಲಿ ಬಹಳ ಕಾಲ ಕೆಲಸ ಮಾಡಿದ ನಾನು ಗಾಯ ಕೀವಾಗಿ ಮರಳಿ ಬಂದ ಬಾಣಂತಿಯರನ್ನು ಸಾಕಷ್ಟು ಕಂಡಿದ್ದೇನೆ. ಹೆಚ್ಚಿನವರ ಮನೆಯಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಸಹಜ ಹೆರಿಗೆಗೆಂದು ಹಿರಿಯರು ರೂಢಿಸಿಕೊಂಡ ಆರೈಕೆಯನ್ನು ಹಾಗೆಯೇ ಹೊಲಿಗೆ ಹಾಕಿದ ಹೊಟ್ಟೆಯ ಮೇಲೆ ಪ್ರಯೋಗಿಸಿದ್ದರು, ಅಷ್ಟೆ.

ಮೊದಲು ಕೇಳಬೇಕಾದ ಪ್ರಶ್ನೆ "ಯಾಕೆ?" ಎಂಬುದು. ಮಗು ಅಡ್ಡ ಅಥವಾ ಬುಡ ಕೆಳಗಾಗಿ ಮಲಗಿದ್ದರೆ, ಮಾಸು ಗರ್ಭಕೋಶದ ಬಾಯಿಯನ್ನೇ ಮುಚ್ಚಿದ್ದರೆ, ಹಿಂದೆ ಸಿಸೇರಿಯನ್ ಆಗಿದ್ದರೆ, ಕೆಲವು ಅವಳಿ ಗರ್ಭಗಳಲ್ಲಿ, ಸಕ್ಕರೆ ಕಾಯಿಲೆಯಿಂದ ಮಗು ತುಂಬಾ ದೊಡ್ಡದಾಗಿದ್ದರೆ ವೈದ್ಯರು ಮೊದಲೇ ದಿನ ನಿಗದಿ ಮಾಡುತ್ತಾರೆ. ಮಾಸು ಬಾಯಿಗೆ ಅಡ್ಡ ಬಂದಿರುವಾಗ "ನಾರ್ಮಲ್‌ಗೆ ಕಾಯೋಣ" ಎನ್ನುವುದು ಜೀವದೊಂದಿಗೆ ಆಟ. ಆದರೆ ಹಿಂದಿನದು ಸಿಸೇರಿಯನ್ ಎಂಬ ಒಂದೇ ಕಾರಣವಿದ್ದರೆ, "ಈ ಸಲ ಸಹಜ ಹೆರಿಗೆಗೆ ಪ್ರಯತ್ನಿಸಬಹುದೇ?" ಎಂದು ಕೇಳುವುದರಲ್ಲಿ ತಪ್ಪಿಲ್ಲ. ಕೆಲವರಿಗೆ ಆಗುತ್ತದೆ, ಕೆಲವರಿಗೆ ಅಪಾಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸರಕಾರಿ ಆಸ್ಪತ್ರೆಗಳ ಹೆರಿಗೆಯಲ್ಲಿ ಶೇ. 14.3 ಸಿಸೇರಿಯನ್ ಆಗಿದ್ದರೆ ಖಾಸಗಿಯಲ್ಲಿ ಅದು ಶೇ. 47.4. ಈ ಅಂತರ ನೋಡಿದರೆ ಪ್ರಶ್ನೆ ಕೇಳುವುದು ಕುಟುಂಬದ ಹಕ್ಕು ಎಂದು ಬೇರೆ ಹೇಳಬೇಕಿಲ್ಲ. ಆದರೆ ಆ ಪ್ರಶ್ನೆಯನ್ನು ಗಂಡ, ಅತ್ತೆ, ಮಾವ ಮಾತ್ರ ಕೇಳಿ, ಹೆರುವವಳು ಹೊರಗಿನ ಬೆಂಚಿನಲ್ಲಿ ಕೂತಿರುವ ದೃಶ್ಯ ನಮ್ಮಲ್ಲಿ ಸಾಮಾನ್ಯ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾದವಳು ಅವಳು. ಅವಳನ್ನು ಒಳಗೆ ಕೂರಿಸಿ ಮಾತಾಡಿ.

ದಿನ ಯಾರು ನಿರ್ಧರಿಸಬೇಕು?

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಕರಾವಳಿಯಲ್ಲಿ ಗಂಡ ಗಲ್ಫ್‌ನಲ್ಲಿರುವ ಮನೆಗಳು ಅದೆಷ್ಟೋ. "ಅವರ ರಜೆ 20ಕ್ಕೆ ಮುಗಿಯುತ್ತದೆ ಡಾಕ್ಟ್ರೇ, 15ರ ಒಳಗೆ ಮಾಡಿಬಿಡಿ" ಎಂಬ ಬೇಡಿಕೆಯನ್ನು ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಎಲ್ಲ ಹೆರಿಗೆ ವೈದ್ಯರೂ ಕೇಳಿರುತ್ತಾರೆ. ಮಗುವಿನ ಮುಖ ನೋಡಿ ವಿಮಾನ ಹತ್ತಬೇಕೆಂಬ ತಂದೆಯ ಆಸೆ ಅರ್ಥವಾಗುವಂಥದ್ದೇ. ಆದರೆ ತಾಯಿಗೂ ಮಗುವಿಗೂ ಬೇರೆ ತೊಂದರೆ ಇಲ್ಲದಿದ್ದರೆ ನಿಗದಿತ ಸಿಸೇರಿಯನ್ನನ್ನು 39 ವಾರ ತುಂಬಿದ ಮೇಲೆ ಮಾಡುವುದೇ ಸರಿ. ಸಹಜ ಹೆರಿಗೆಯ ನೋವಿನ ಹೊತ್ತಿನಲ್ಲಿ ಮಗುವಿನ ಶ್ವಾಸಕೋಶದಲ್ಲಿರುವ ದ್ರವ ತಾನಾಗಿ ಹೀರಿಹೋಗುತ್ತದೆ. ನೋವು ಬರುವ ಮೊದಲೇ ತೆಗೆದ ಮಗುವಿಗೆ ಆ ಅವಕಾಶ ಕಡಿಮೆ. 37ನೇ ವಾರದಲ್ಲೇ ತೆಗೆದರೆ ಏದುಸಿರು ಬಿಟ್ಟು, ತಾಯಿ ಒಂದು ಕಡೆ, ಮಗು ನವಜಾತ ಶಿಶು ಘಟಕದಲ್ಲಿ ಇನ್ನೊಂದು ಕಡೆ ಆಗುವ ಸಂಭವ ಹೆಚ್ಚು. ಎದೆಹಾಲು ಶುರುವಾಗುವುದೂ ತಡ. ರಜೆ ಹೊಂದಿಸಬೇಕಾದರೆ ಟಿಕೆಟ್ ತೆಗೆಯುವ ಮೊದಲೇ 39 ವಾರ ತುಂಬುವ ದಿನ ಯಾವುದೆಂದು ಲೆಕ್ಕ ಹಾಕಿಸಿಕೊಳ್ಳಿ. ರಮಳಾನ್‌ಗೆ ಮೊದಲು ಮುಗಿಯಲಿ, ಶುಕ್ರವಾರವೇ ಆಗಲಿ ಎಂಬ ಹಂಬಲಕ್ಕೂ ಇದೇ ಉತ್ತರ. ವೈದ್ಯರೇ ರಕ್ತದೊತ್ತಡ ಅಥವಾ ಮಗುವಿನ ಬೆಳವಣಿಗೆಯ ಕಾರಣಕ್ಕೆ ಬೇಗ ಮಾಡಬೇಕೆಂದರೆ ಅದು ಬೇರೆ ವಿಷಯ. ಆಗ ಮಗುವಿನ ಶ್ವಾಸಕೋಶಕ್ಕಾಗಿ ಚುಚ್ಚುಮದ್ದು ಬೇಕೇ ಎಂಬುದನ್ನೂ ಅವರೇ ನೋಡುತ್ತಾರೆ.

ನಿಗದಿತ ದಿನಕ್ಕಿಂತ ಮೊದಲೇ ನೋವು ಬರಬಹುದು, ನೀರು ಒಡೆಯಬಹುದು. "ಆಪರೇಷನ್ ಸೋಮವಾರವಲ್ಲವೇ" ಎಂದು ಕಾಯಬಾರದು. ಚಾರ್ಮಾಡಿ ಅಥವಾ ದಿಡುಪೆ ಕಡೆಯಿಂದ ಮಂಗಳೂರಿಗೆ ಬರಬೇಕಾದವರಿಗೆ ಇದು ಸಣ್ಣ ಮಾತಲ್ಲ. ಬೆಳ್ತಂಗಡಿ ಪೇಟೆಯಿಂದಲೇ ಮಂಗಳೂರು ಸುಮಾರು 60 ಕಿಲೋಮೀಟರ್. 2019ರ ಆಗಸ್ಟ್‌ನಲ್ಲಿ ನೆರೆ ಬಂದು ಆ ಭಾಗದ ಸೇತುವೆ ರಸ್ತೆಗಳು ಕೊಚ್ಚಿಹೋದದ್ದು ಯಾರಿಗೂ ಮರೆತಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ನಡುವೆ ದಿನ ಬಿದ್ದರೆ ಒಂದು ವಾರ ಮೊದಲೇ ಆಸ್ಪತ್ರೆಗೆ ಹತ್ತಿರವಿರುವ ಸಂಬಂಧಿಕರ ಮನೆಗೆ ಬಂದಿರುವುದು ಜಾಣತನ.

ಸಿದ್ಧತೆ

ಹಣದ ಮಾತು ಮೊದಲು ಮುಗಿಸೋಣ. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್, ಔಷಧ, ಪರೀಕ್ಷೆ, ಬೇಕಾದರೆ ರಕ್ತ, ಏಳು ದಿನದವರೆಗೆ ಊಟ, ಹೋಗಿಬರುವ ವಾಹನ ಎಲ್ಲವೂ ಉಚಿತ. ಬಂಟ್ವಾಳ, ಬೆಳ್ತಂಗಡಿಯಲ್ಲಿ ತಾಲೂಕು ಆಸ್ಪತ್ರೆಗಳಿವೆ, ಮೂಡುಬಿದಿರೆಯಲ್ಲಿ ಸಮುದಾಯ ಆರೋಗ್ಯ ಕೇಂದ್ರವಿದೆ. ತೊಡಕಿನ ಹೆರಿಗೆಗಳು ಮಂಗಳೂರಿನ ಲೇಡಿಗೋಷನ್‌ಗೆ ಹೋಗುತ್ತವೆ. ಎಲ್ಲಿಯೇ ಆಗಲಿ, ಸ್ತ್ರೀರೋಗ ತಜ್ಞರು, ಅರಿವಳಿಕೆ ವೈದ್ಯರು, ಮಕ್ಕಳ ವೈದ್ಯರು ಆ ದಿನ ಇರುತ್ತಾರೆಯೇ, ರಕ್ತ ಎಲ್ಲಿಂದ ಬರುತ್ತದೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ತಾಯಿ ಕಾರ್ಡ್ ಮತ್ತು ಆಶಾ ಕಾರ್ಯಕರ್ತೆಯ ನಂಬರ್ ಕೈಯಲ್ಲಿರಲಿ. ಪ್ರತಿ ತಿಂಗಳ 9ರಂದು ಸರಕಾರಿ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ಇರುತ್ತದೆ.

ರಕ್ತದ ವಿಷಯ ದಿನ ಹತ್ತಿರವಾದಾಗ ಯೋಚಿಸುವಂಥದ್ದಲ್ಲ. ಗರ್ಭಿಣಿಯ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಆಪರೇಷನ್‌ನಲ್ಲಿ ಸಹಜ ಹೆರಿಗೆಗಿಂತ ಹೆಚ್ಚು ರಕ್ತ ಹೋಗುತ್ತದೆ. ಹಾಗಾಗಿ ನಾಲ್ಕನೇ ತಿಂಗಳಿನಿಂದಲೇ ಕಬ್ಬಿಣದ ಮಾತ್ರೆಯನ್ನು ತಪ್ಪದೆ ನುಂಗಿ. ಚಹಾದೊಂದಿಗೆ ಬೇಡ, ಹಾಲಿನೊಂದಿಗೂ ಬೇಡ. ಲಿಂಬೆ ಶರಬತ್ತಿನೊಂದಿಗೆ ನುಂಗಿದರೆ ಮೈಗೆ ಚೆನ್ನಾಗಿ ಹತ್ತುತ್ತದೆ. ನಮ್ಮ ಮನೆಗಳಲ್ಲಿ ಊಟ ಮುಗಿದ ತಕ್ಷಣ ಖಡಕ್ ಚಹಾ ಕುಡಿಯುವ ಅಭ್ಯಾಸವಿದೆ. ಈ ಕೆಲವು ತಿಂಗಳು ಅದನ್ನು ಒಂದು ಗಂಟೆ ಮುಂದೂಡಿ. ನೆಗೆಟಿವ್ ಗುಂಪಿನವರಾದರೆ ಅದೇ ಗುಂಪಿನ ಇಬ್ಬರು ದಾನಿಗಳನ್ನು ಗೊತ್ತುಮಾಡಿಟ್ಟುಕೊಳ್ಳಿ.

ಅಸ್ತಮಾ, ಥೈರಾಯ್ಡ್, ಫಿಟ್ಸ್, ಯಾವುದಾದರೂ ಮಾತ್ರೆಗೆ ಅಲರ್ಜಿ ಇದ್ದರೆ ಅರಿವಳಿಕೆ ವೈದ್ಯರಿಗೆ ತಿಳಿಸಿ. ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಹೊಟ್ಟೆಯ ಇಂಜೆಕ್ಷನ್ ಪಡೆಯುತ್ತಿದ್ದರೆ ಯಾವಾಗ ನಿಲ್ಲಿಸಬೇಕೆಂದು ಬರೆಸಿಕೊಳ್ಳಿ. ನೀವಾಗಿ ನಿಲ್ಲಿಸಬೇಡಿ. ಹಿಂದಿನ ರಾತ್ರಿ ಸೋಪು ಹಚ್ಚಿ ಮೈತುಂಬ ಸ್ನಾನ ಮಾಡಿ. ಮನೆಯಲ್ಲಿ ಬ್ಲೇಡಿನಿಂದ ಕೂದಲು ತೆಗೆಯಬೇಡಿ, ಕಣ್ಣಿಗೆ ಕಾಣದ ಗೀರುಗಳಿಂದ ಸೋಂಕು ಸೇರುತ್ತದೆ. ಬೇಕಾದರೆ ಆಸ್ಪತ್ರೆಯಲ್ಲೇ ಕತ್ತರಿಸುತ್ತಾರೆ. ಉಗುರಿನ ಬಣ್ಣ ತೆಗೆಯಿರಿ. ಆಸ್ಪತ್ರೆಗೆ ಹೊರಡುವ ಮುನ್ನ ಕೈತುಂಬ ಮದರಂಗಿ ಹಾಕುವವರಿದ್ದಾರೆ. ಹಾಕಿ, ಆದರೆ ಒಂದೆರಡು ಬೆರಳಿನ ಉಗುರನ್ನಾದರೂ ಬಿಡಿ. ಆಮ್ಲಜನಕ ಅಳೆಯುವ ಕ್ಲಿಪ್ಪನ್ನು ಬೆರಳಿಗೆ ಹಾಕುವುದು. ಘನ ಆಹಾರವನ್ನು ಆಪರೇಷನ್‌ಗೆ ಕನಿಷ್ಠ ಆರು ಗಂಟೆ ಮೊದಲು ನಿಲ್ಲಿಸಬೇಕು. ಬರಿ ನೀರನ್ನು ಎರಡು ಗಂಟೆ ಮೊದಲಿನವರೆಗೂ ಸಾಮಾನ್ಯವಾಗಿ ಬಿಡುತ್ತಾರೆ. ಆಸ್ಪತ್ರೆಯವರು ಹೇಳಿದ ಸಮಯವನ್ನೇ ಪಾಲಿಸಿ. "ನಿಶ್ಶಕ್ತಿಯಾದೀತು" ಎಂದು ಉಮ್ಮ ಮರೆಯಲ್ಲಿ ಕೊಟ್ಟ ಒಂದು ತುತ್ತು ಪತ್ತಿರಿ, ಹೊಟ್ಟೆಯಿಂದ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೆ ಕುತ್ತು.

ಪರದೆಯ ಬಗ್ಗೆ ಹಲವರು ನಾಚಿಕೆಯಿಂದ ಕೇಳುತ್ತಾರೆ. ಥಿಯೇಟರಿನಲ್ಲಿ ತಲೆಗೂದಲನ್ನು ಟೋಪಿಯಿಂದ ಪೂರ್ತಿ ಮುಚ್ಚುತ್ತಾರೆ, ಎದೆಯ ಬಳಿ ಬಟ್ಟೆಯ ಪರದೆ ಹಾಕುತ್ತಾರೆ, ಆಪರೇಷನ್ ಮಾಡುವ ಜಾಗ ಬಿಟ್ಟು ಉಳಿದ ಮೈಯೆಲ್ಲ ಮುಚ್ಚಿರುತ್ತದೆ. ವೈದ್ಯೆಯೇ ಬೇಕೆಂದು ಮೊದಲೇ ಕೇಳಿಕೊಳ್ಳಬಹುದು. ಆದರೆ ಆ ಹೊತ್ತಿಗೆ ಇರುವ ಅರಿವಳಿಕೆ ವೈದ್ಯರು ಪುರುಷರಾಗಿದ್ದರೆ ಅದರಿಂದ ಆಪರೇಷನ್ ತಡವಾಗಬಾರದು. ಚಿಕಿತ್ಸೆಯ ಅನಿವಾರ್ಯತೆಯಲ್ಲಿ ಅದಕ್ಕೆ ಅನುಮತಿಯಿದೆ.

ಆ ದಿನ

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕೆಳಮೈ ಮರಗಟ್ಟಿಸುತ್ತಾರೆ. ಬೆಕ್ಕಿನಂತೆ ಬೆನ್ನು ಬಾಗಿಸಿ ಅಲುಗದೆ ಕೂರಬೇಕು, ಅಷ್ಟೇ. ಎಚ್ಚರ ಇರುತ್ತದೆ. ಎಳೆದಾಟ ಗೊತ್ತಾಗುತ್ತದೆ, ನೋವಾಗಬಾರದು. ನೋವಾದರೆ ಬಾಯಿಬಿಟ್ಟು ಹೇಳಿ. ಮೊದಲ ಹತ್ತು ನಿಮಿಷದಲ್ಲೇ ಸಾಮಾನ್ಯವಾಗಿ ಮಗುವಿನ ಅಳು ಕೇಳುತ್ತದೆ, ಉಳಿದ ಸಮಯವೆಲ್ಲ ಹೊಲಿಗೆಗೆ. ನಡುಕ ಬರುವುದು, ವಾಂತಿ ಬಂದಂತಾಗುವುದು ಹೊಸದೇನಲ್ಲ. "ಬೆನ್ನಿಗೆ ಇಂಜೆಕ್ಷನ್ ಕೊಟ್ಟದ್ದರಿಂದ ಜೀವನಪೂರ್ತಿ ಬೆನ್ನುನೋವು" ಎಂಬ ನಂಬಿಕೆ ನಮ್ಮೂರಲ್ಲಿ ಗಟ್ಟಿಯಾಗಿ ಬೇರೂರಿದೆ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ವರ್ಷಗಟ್ಟಲೆಯ ನೋವಿಗೆ ಹೆಚ್ಚಾಗಿ ಕಾರಣ ಗರ್ಭದಲ್ಲಿ ಸಡಿಲವಾದ ಸ್ನಾಯುಗಳು, ಬಾಗಿ ಕುಳಿತು ಹಾಲೂಡಿಸುವುದು. ಬೆನ್ನಿಗೆ ದಿಂಬು ಕೊಟ್ಟು ಕೂರಿ.

ತಂದೆ ಹೊರಗೆ ಮಗುವನ್ನು ಎತ್ತಿಕೊಂಡು ಬಾಂಗ್ ಕೊಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಗದ್ದಲ ಮಾಡದೆ, ಕಿವಿಯ ಬಳಿ ಮೆಲುದನಿಯಲ್ಲಿ ಸಾಕು. ತಹ್ನೀಕ್ ಮಾಡಿಸುವವರು ಮಕ್ಕಳ ವೈದ್ಯರಿಗೆ ಹೇಳಿ, ಮಗು ಚೆನ್ನಾಗಿ ಉಸಿರಾಡುತ್ತಿರುವಾಗ, ಸೋಪಿನಿಂದ ತೊಳೆದ ಬೆರಳ ತುದಿಯಲ್ಲಿ ಮೆದುವಾಗಿಸಿದ ಖರ್ಜೂರದ ಪಸೆಯನ್ನಷ್ಟೇ ಮುಟ್ಟಿಸಿ. ತುಣುಕು ಬಾಯಿಗೆ ಹೋಗಬಾರದು. ಜೇನು ಬೇಡವೇ ಬೇಡ. ಒಂದು ವರ್ಷದೊಳಗಿನ ಮಗುವಿಗೆ ಜೇನಿನಿಂದ ನರಗಳನ್ನು ಬಾಧಿಸುವ ವಿಷಸೋಂಕು ತಗಲುವ ಅಪಾಯವಿದೆ. ಆಮೇಲೆ ಆರು ತಿಂಗಳು ಎದೆಹಾಲು ಮಾತ್ರ.

ಆಪರೇಷನ್ ಆದವಳಿಗೆ ಹಾಲು ಬರುವುದಿಲ್ಲ ಎಂಬುದು ಸುಳ್ಳು. ಮೊದಲ ಒಂದು ಗಂಟೆಯಲ್ಲೇ ಎದೆಗೆ ಹಾಕಿಸಿ. ಅವಳು ಮಲಗಿಯೇ ಇರಲಿ, ಜೊತೆಗಿರುವವರು ಮಗುವನ್ನು ಹಿಡಿದುಕೊಳ್ಳಲಿ. ಆಮೇಲೆ ಮಗುವಿನ ಕಾಲು ತಾಯಿಯ ಕಂಕುಳ ಕೆಳಗೆ ಹಿಂದಕ್ಕೆ ಹೋಗುವಂತೆ ಹಿಡಿದರೆ ಗಾಯದ ಮೇಲೆ ಭಾರ ಬೀಳದು. ನೋವಿನ ಮಾತ್ರೆ ತಿಂದರೆ ಮಗುವಿಗೆ ಹಾನಿ ಎಂದು ಕೆಲವರು ಹಲ್ಲುಕಚ್ಚಿ ಸಹಿಸುತ್ತಾರೆ. ವೈದ್ಯರು ಬರೆದುಕೊಡುವ ಪ್ಯಾರಸಿಟಮಾಲ್, ಐಬುಪ್ರೊಫೇನ್‌ಗಳನ್ನು ಹಾಲೂಡಿಸುವವರು ತೆಗೆದುಕೊಳ್ಳಬಹುದು. ನೋವು ಹಿಡಿತದಲ್ಲಿದ್ದರೆ ಮಾತ್ರ ಎದ್ದು ನಡೆಯಲು ಆಗುವುದು. ನಡೆಯಲೇಬೇಕು. ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಏಳುವಾಗ ಮೊದಲು ಮಗ್ಗುಲಿಗೆ ಹೊರಳಿ, ಕಾಲು ಕೆಳಗಿಳಿಸಿ, ಮೊಣಕೈ ಊರಿ ಏಳಿ. ಕೆಮ್ಮು, ಸೀನು ಬಂದಾಗ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಿರಿ.

ನಲವತ್ತು ದಿನ

ಅಜ್ಜಿಯರ ಆರೈಕೆಯಲ್ಲಿ ಒಳ್ಳೆಯದು ಬಹಳಷ್ಟಿದೆ. ಬಾಣಂತಿಗೆ ನಲವತ್ತು ದಿನ ಅಡುಗೆಮನೆಯಿಂದ ಬಿಡುವು ಸಿಗುತ್ತದಲ್ಲ, ಅದನ್ನು ಯಾವ ಆಸ್ಪತ್ರೆಯೂ ಕೊಡಲಾರದು. ಮೆಂತೆ ಗಂಜಿ, ಕೋಳಿ ಸಾರು, ಮೀನು, ಮೊಟ್ಟೆ, ಸೊಪ್ಪು ಎಲ್ಲವೂ ಗಾಯ ಒಣಗಲು ಬೇಕಾದದ್ದೇ. "ಮೊಟ್ಟೆ ತಿಂದರೆ ಹೊಲಿಗೆ ಕೀವಾಗುತ್ತದೆ" ಎನ್ನುವವರ ಮಾತು ಕೇಳಬೇಡಿ. ಹಣ್ಣು, ಸೊಪ್ಪು ಬಿಟ್ಟರೆ ಮಲಬದ್ಧತೆ, ಮುಕ್ಕಿದರೆ ಹೊಲಿಗೆಗೆ ನೋವು.

ತಕರಾರಿರುವುದು ನಾಲ್ಕು ವಿಷಯದಲ್ಲಿ. ನೀರು: "ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ" ಎಂದು ದಿನಕ್ಕೆ ಎರಡೇ ಲೋಟ ಕೊಡುವ ಮನೆಗಳು ಇನ್ನೂ ಇವೆ. ಹಾಲೂಡಿಸುವವಳಿಗೆ ಬಾಯಾರಿಕೆ ಹೆಚ್ಚು. ನೀರು ಕಡಿಮೆಯಾದರೆ ಮೂತ್ರದ ಸೋಂಕು, ಮಲಬದ್ಧತೆ. ಬಾಯಾರಿದಷ್ಟೂ ಕುಡಿಯಲಿ, ಬಿಸಿನೀರೇ ಬೇಕಾದರೆ ಬಿಸಿನೀರು.

ಸ್ನಾನ: ಹಂಡೆಯ ಸುಡುನೀರನ್ನು ಸೊಂಟಕ್ಕೆ, ಹೊಟ್ಟೆಗೆ ಬೀಸಿ ಹೊಡೆಯುವ ಬಾಣಂತಿ ಸ್ನಾನ ಹೊಲಿಗೆಯವಳಿಗೆ ಸಲ್ಲದು. ಡ್ರೆಸ್ಸಿಂಗ್ ತೆಗೆದು ವೈದ್ಯರು ಒಪ್ಪಿದ ಮೇಲೆ ಉಗುರುಬೆಚ್ಚಗಿನ ನೀರು ಗಾಯದ ಮೇಲಿಂದ ಮೆಲ್ಲನೆ ಹರಿದುಹೋಗಲಿ. ಉಜ್ಜಬಾರದು. ಶುಭ್ರ ಬಟ್ಟೆಯಿಂದ ಒತ್ತಿ ಒರೆಸಿ. ಹೊಟ್ಟೆಯ ಮಡಿಕೆ ಗಾಯದ ಮೇಲೆ ಬೀಳುವವರು ಆ ಮಡಿಕೆಯನ್ನು ಎತ್ತಿ ಒಣಗಿಸಬೇಕು. ನಮ್ಮ ಸೆಕೆಯಲ್ಲಿ ಕೀವು ಶುರುವಾಗುವುದು ಅಲ್ಲಿಂದಲೇ. ಲಂಗದ ಲಾಡಿ, ಪ್ಯಾಂಟಿನ ಇಲಾಸ್ಟಿಕ್ ಸರಿಯಾಗಿ ಗಾಯದ ಗೆರೆಯ ಮೇಲೆ ಕೂರುತ್ತದೆ, ಆರು ವಾರ ಸಡಿಲ ಮ್ಯಾಕ್ಸಿ ಸಾಕು.

ಎಣ್ಣೆ: ಗಾಯಕ್ಕೆ ಎಣ್ಣೆ, ಅರಶಿನ, ಪುಡಿ ಏನೂ ಬೇಡ. ಕೈ, ಬೆನ್ನು ತಿಕ್ಕಿಸಿಕೊಳ್ಳಬಹುದು. ಆದರೆ ಒಂದು ಕಾಲು ಊದಿಕೊಂಡು ಮೀನಖಂಡ ನೋಯುತ್ತಿದ್ದರೆ ಅದನ್ನು ತಿಕ್ಕಲೇಬಾರದು. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದೀತು.

ಹೊಟ್ಟೆ ಕಟ್ಟುವುದು, ಹೊಗೆ: ನಡೆಯುವಾಗ ಆಸರೆಗೆ ಮೆದುವಾದ ಪಟ್ಟಿ ಆಗಬಹುದು. ಉಸಿರುಗಟ್ಟುವಂತೆ ಬಿಗಿದರೆ ಗಾಯಕ್ಕೆ ಗಾಳಿಯಿಲ್ಲ. ಕಿಟಕಿ ಮುಚ್ಚಿ ಕೆಂಡದ ಹೊಗೆ ಹಾಕುವುದು ಎಳೆಗೂಸಿನ ಶ್ವಾಸಕ್ಕೆ ವಿಷ.

ಇಷ್ಟನ್ನು ಸೊಸೆ ಹೇಳಿದರೆ "ನಮಗೆ ಕಲಿಸುತ್ತಾಳೆ" ಎಂದಾಗುತ್ತದೆ. ಡಿಸ್ಚಾರ್ಜ್ ದಿನ ಅತ್ತೆಯನ್ನೂ ಬಾಣಂತನ ಮಾಡುವವರನ್ನೂ ವೈದ್ಯರ ಮುಂದೆ ಕೂರಿಸಿ ಅವರ ಬಾಯಿಂದಲೇ ಹೇಳಿಸಿ. ನಾನು ಕಂಡಂತೆ ಇದಕ್ಕಿಂತ ಫಲ ಕೊಡುವ ಉಪಾಯ ಇನ್ನೊಂದಿಲ್ಲ. ಆರು ವಾರ ಮಗುವಿಗಿಂತ ಭಾರ ಎತ್ತಬಾರದು. ಬಾವಿಯಿಂದ ನೀರು ಸೇದುವುದು, ದೊಡ್ಡ ಮಗುವನ್ನು ಸೊಂಟಕ್ಕೆ ಏರಿಸಿಕೊಳ್ಳುವುದೂ ಅದರಲ್ಲಿ ಸೇರಿತು.

ಅಖೀಕಾ ಏಳನೇ ದಿನ ಸುನ್ನತ್. ಆದರೆ ಆ ದಿನ ಅವಳ ಹೊಲಿಗೆ ಇನ್ನೂ ಹಸಿಯಾಗಿರುತ್ತದೆ. ಅಖೀಕಾ ಕೊಟ್ಟು ಮಾಂಸ ಹಂಚಿ, ಇನ್ನೂರು ಜನರ ಊಟವನ್ನು ಮುಂದಕ್ಕೆ ಹಾಕಿದರೆ ಯಾರಿಗೂ ನಷ್ಟವಿಲ್ಲ. ಮಗುವನ್ನು ಕೈಯಿಂದ ಕೈಗೆ ದಾಟಿಸಿ ಮುತ್ತಿಡುವುದಕ್ಕೂ ಕಡಿವಾಣ ಬೇಕು.

ನಿಫಾಸ್‌ನ ಬಗ್ಗೆ ಒಂದು ಮಾತು. ಸಿಸೇರಿಯನ್‌ನ ನಂತರ ಹೋಗುವ ರಕ್ತಕ್ಕೂ ಅದೇ ನಿಯಮ. ನಲವತ್ತು ಎಂಬುದು ಶಾಫಿಈ ಮದ್‌ಹಬ್‌ನಲ್ಲಿ ಸಾಮಾನ್ಯ ಅವಧಿ, ಗರಿಷ್ಠ ಅರವತ್ತು ದಿನ. ಹನಫಿಯಲ್ಲಿ ಗರಿಷ್ಠ ನಲವತ್ತು. ರಕ್ತ ಬೇಗ ನಿಂತರೆ ಸ್ನಾನ ಮಾಡಿ ನಮಾಝ್ ಆರಂಭಿಸಬೇಕು, ನಲವತ್ತು ತುಂಬಲೆಂದು ಕಾಯುವಂತಿಲ್ಲ. ಗಾಯಕ್ಕೆ ನೀರು ತಾಗಬಾರದೆಂದು ವೈದ್ಯರು ಹೇಳಿದ್ದರೆ ತಯಮ್ಮುಮ್‌ನ ಕ್ರಮವನ್ನು ಊರಿನ ಉಸ್ತಾದರಲ್ಲಿ ಕೇಳಿ ತಿಳಿಯಿರಿ. ಸುಜೂದ್‌ಗೆ ಬಾಗಲು ನೋವಾದರೆ ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡಬಹುದು.

ಮೂರನೇ ನಾಲ್ಕನೇ ದಿನ ಕಾರಣವಿಲ್ಲದೆ ಅಳು ಬರುವುದು ಸಹಜ, ಎರಡು ವಾರದಲ್ಲಿ ತಣ್ಣಗಾಗುತ್ತದೆ. "ನೀನೆಲ್ಲಿ ಹೆತ್ತೆ, ಕೊಯ್ದು ತೆಗೆದದ್ದಲ್ಲವೇ" ಎಂಬ ಕುಹಕ ಕೇಳಿ ಕುಗ್ಗಿಹೋದವರನ್ನು ನಾನು ಬಲ್ಲೆ. ಎರಡು ವಾರ ದಾಟಿಯೂ ನಿದ್ದೆ, ಊಟ, ಮಗು ಯಾವುದೂ ಬೇಡವೆನಿಸಿದರೆ ಅದು ಕಾಯಿಲೆ. ಜಿನ್ನ್ ಎಂದು ತಾಯಿತಕ್ಕೆ ಓಡುವ ಮೊದಲು ವೈದ್ಯರಲ್ಲಿಗೆ ಹೋಗಿ. ಟೆಲಿ ಮಾನಸ್ 14416ಕ್ಕೆ ಮನೆಯಿಂದಲೇ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ.

ಕಾಯಬಾರದ ಲಕ್ಷಣಗಳು

2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ತಾಯಂದಿರು ಒಬ್ಬರ ನಂತರ ಒಬ್ಬರಂತೆ ತೀರಿಕೊಂಡರು. ಅವರಿಗೆ ಕೊಟ್ಟ ದ್ರಾವಣದ ಮೇಲೆ ಸಂಶಯ ಬಂದು ಸರಕಾರ ಅದರ ಬಳಕೆ ನಿಲ್ಲಿಸಿತು. ಆ ಸುದ್ದಿಯ ನಂತರ ಸರಕಾರಿ ಆಸ್ಪತ್ರೆ ಬೇಡ, ಆಪರೇಷನ್ನೇ ಬೇಡ ಎನ್ನುವವರು ಹೆಚ್ಚಾಗಿದ್ದಾರೆ. ಅಗತ್ಯವಿರುವ ಆಪರೇಷನ್ ತಪ್ಪಿಸಿಕೊಂಡರೆ ಅಪಾಯ ಇನ್ನೂ ದೊಡ್ಡದು. ಬದಲಿಗೆ ಜೊತೆಗಿರುವವರು ಕಣ್ಣಿಡಬೇಕು. ಅಲ್ಲಿ ಹಲವರಿಗೆ ಕೆಟ್ಟದ್ದು ಮೂತ್ರಪಿಂಡ. ಕ್ಯಾಥೆಟರ್ ಚೀಲದಲ್ಲಿ ಮೂತ್ರ ಬರುವುದು ಕಡಿಮೆಯಾದರೆ, ಅದು ರಕ್ತದಂತೆ ಕೆಂಪಾದರೆ ನರ್ಸನ್ನು ಕರೆಯಲು ಸಂಕೋಚ ಬೇಡ.

ಮನೆಗೆ ಬಂದ ಮೇಲೆ, ಒಂದು ಗಂಟೆಯಲ್ಲಿ ಒಂದು ಪ್ಯಾಡ್ ಪೂರ್ತಿ ನೆನೆದರೆ, ಚಳಿಜ್ವರ ಬಂದರೆ, ಗಾಯ ಕೆಂಪಾಗಿ ಬಿಸಿಯಾಗಿ ನೀರು ಕೀವು ಸೋರಿದರೆ, ಸ್ರಾವ ನಾರುತ್ತಿದ್ದರೆ, ಒಂದು ಕಾಲು ಊದಿದರೆ, ಎದೆನೋವು, ಉಸಿರುಕಟ್ಟುವಿಕೆ ಇದ್ದರೆ ತಕ್ಷಣ ಆಸ್ಪತ್ರೆ. ತೀವ್ರ ತಲೆನೋವಿನೊಂದಿಗೆ ಕಣ್ಣು ಮಂಜಾದರೆ ಅದು ರಕ್ತದೊತ್ತಡದ ಎಚ್ಚರಿಕೆ, ಹೆರಿಗೆಯಾಗಿ ವಾರ ಕಳೆದ ಮೇಲೂ ಫಿಟ್ಸ್ ಬರಬಹುದು. ಕೂತಾಗ ಹೆಚ್ಚಾಗಿ ಮಲಗಿದಾಗ ಇಳಿಯುವ ತಲೆನೋವು ಬೆನ್ನಿನ ಇಂಜೆಕ್ಷನ್‌ನಿಂದ ಇರಬಹುದು, ಅದಕ್ಕೂ ಚಿಕಿತ್ಸೆಯಿದೆ. 108ಕ್ಕೆ ಕರೆ ಮಾಡಿ. ಗಂಡ ದಮ್ಮಾಮ್‌ನಿಂದ ಫೋನಿಗೆ ಸಿಗಲಿ, ಅವನ ಒಪ್ಪಿಗೆ ಬರಲಿ ಎಂದು ಕಾಯುವ ಹೊತ್ತಲ್ಲ ಅದು.

ಮುಂದಿನ ಮಗು

ಆಪರೇಷನ್‌ನ ಹೊತ್ತಿನಲ್ಲೇ ಕಾಪರ್ ಟಿ ಹಾಕುವ, ಸಂತಾನಹರಣ ಮಾಡುವ ಪ್ರಸ್ತಾಪ ಬರಬಹುದು. ಥಿಯೇಟರಿನ ಬಾಗಿಲಲ್ಲಿ ಗಲಿಬಿಲಿಯಲ್ಲಿ ಉತ್ತರಿಸಬೇಡಿ. ದಂಪತಿಗಳು ಮೊದಲೇ ಮಾತಾಡಿ, ಬೇಕಾದರೆ ಉಲಮಾಗಳಲ್ಲಿ ಕೇಳಿ, ಬೇಕು ಬೇಡವನ್ನು ಬರವಣಿಗೆಯಲ್ಲಿ ತಿಳಿಸಿ. ಅವಳ ಒಪ್ಪಿಗೆಯಿಲ್ಲದೆ ಯಾವುದನ್ನೂ ಮಾಡುವಂತಿಲ್ಲ. ಆದರೆ ಅಂತರವಂತೂ ಬೇಕೇ ಬೇಕು. ಗರ್ಭಕೋಶದ ಗಾಯ ಗಟ್ಟಿಯಾಗಲು ಮುಂದಿನ ಗರ್ಭ ನಿಲ್ಲುವ ಮೊದಲು ಒಂದೂವರೆಯಿಂದ ಎರಡು ವರ್ಷ ಬಿಡಿ. ಹಾಲೂಡಿಸುತ್ತಿದ್ದರೆ ಗರ್ಭ ನಿಲ್ಲದು ಎಂದು ನಂಬಿ ಮೋಸಹೋದವರು ಬಹಳ. ಪ್ರತಿ ಸಿಸೇರಿಯನ್‌ಗೂ ಮಾಸು ಹಳೆಯ ಗಾಯಕ್ಕೆ ಬೇರೂರಿ ರಕ್ತಸ್ರಾವವಾಗುವ ಅಪಾಯ ಏರುತ್ತಾ ಹೋಗುತ್ತದೆ.

ಆರನೇ ವಾರದ ತಪಾಸಣೆಗೆ ಗಾಯ ಒಣಗಿದರೂ ಹೋಗಿ. ಡಿಸ್ಚಾರ್ಜ್ ಕಾರ್ಡಿನಲ್ಲಿ ಗರ್ಭಕೋಶವನ್ನು ಅಡ್ಡ ಸೀಳಿದ್ದೋ ಉದ್ದ ಸೀಳಿದ್ದೋ, ಏನಾದರೂ ತೊಡಕಾಗಿತ್ತೇ ಎಂಬುದನ್ನು ಸ್ಪಷ್ಟವಾಗಿ ಬರೆಸಿಕೊಳ್ಳಿ. ಹೊಟ್ಟೆಯ ಮೇಲಿನ ಗೆರೆ ನೋಡಿ ಒಳಗಿನದನ್ನು ಹೇಳಲಾಗದು, ಮುಂದಿನ ಹೆರಿಗೆ ಸಹಜವೋ ಆಪರೇಷನ್ನೋ ಎಂಬುದು ಆ ಒಂದು ಸಾಲಿನ ಮೇಲೆ ನಿಂತಿರುತ್ತದೆ. ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಾಯಿ ಕಾರ್ಡಿನ ಜೊತೆ ಕಪಾಟಿನಲ್ಲಿಡಿ, ಮೊಬೈಲಿನಲ್ಲೂ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.